ಚುಕ್ಕೆ ಇಟ್ಟು ಬಚ್ಚಿಟ್ಟದ್ದು

ಜನವರಿ ೯

ಏ ಇರುವೆ,

ಮೊದಲು ನೆಟ್ಟಗೆ ಕೂತುಕೋ. ಬಾಯಲ್ಲಿ ಬಿಸ್ಕತ್ತು ತುರುಕಿಕೊಂಡು, ಕಾಲು ಮೇಲೆ ಕಾಲು ಹಾಕಿಕೊಂಡು ಓದುವ ಕಾಗದ ಇದಲ್ಲ. ಬೈಗುಳ ಇದೆ, ಬೆನ್ನು ಗಟ್ಟಿ ಮಾಡಿಕೋ.

ಹೋದ ದೋಣಿಯಲ್ಲಿ ನಿನ್ನಿಂದ ಈ ಮನೆಗೆ ಎರಡು ಲಕೋಟೆ ಬಂದವು. ಒಂದು ನನಗೆ, ಒಂದು ನಿನ್ನ ತಾಯಿಯ ತಾಯಿಗೆ. ಎರಡನ್ನೂ ಎರಡು ಕೈಯಲ್ಲಿ ಇಟ್ಟು ತೂಗಿದೆ. ಈ ಲಾಂಡ್ರಿ ಶುರುವಾದಂದಿನಿಂದ ಗಂಟುಗಳನ್ನು ಕೈಯಲ್ಲೇ ತೂಗಿದವಳು ನಾನು, ನನ್ನ ಕೈ ಸುಳ್ಳು ಹೇಳುವುದಿಲ್ಲ. ನನ್ನದು ಕರವಸ್ತ್ರ, ಆಕೆಯದು ಕಂಬಳಿ. ನಡುಸಮುದ್ರದ ಬಂಡೆಯ ಮೇಲೆ ಕೂತು ಗಾಳಿ ಎಷ್ಟು, ಮೋಡ ಎಷ್ಟು ಎಂದು ಅಳೆಯುವ ಕೆಲಸ ನಿನ್ನದು. ಅಲ್ಲಿ ಫೋನಿಲ್ಲ, ತಿಂಗಳಿಗೆ ಒಂದೇ ದೋಣಿ, ಸರಿ. ಆ ಒಂದು ದೋಣಿಯಲ್ಲೂ ನಿನ್ನನ್ನು ಎತ್ತಿ ಆಡಿಸಿದ ಅಜ್ಜಿಗೆ ಒಂದೂವರೆ ಹಾಳೆಯೇ? ಗಾಳಿ ಅಳೆಯಲು ಕಲಿತವಳಿಗೆ ಪ್ರೀತಿ ಅಳೆಯಲು ಬರುವುದಿಲ್ಲವೇ?

ಈಗ ಮನೆಯ ಸುದ್ದಿ. ನಿನ್ನ ಟೀಚರಜ್ಜಿ ಇಲ್ಲಿ ಬಿಡಾರ ಹೂಡಿದ್ದಾಳೆ. ಆಕೆಯ ಮನೆಯ ಮೆಟ್ಟಿಲು ಒಡೆದು ಕಟ್ಟುತ್ತಿದ್ದಾರಂತೆ, ಎರಡು ತಿಂಗಳ ಮಟ್ಟಿಗೆ ಬಂದಿದ್ದಾಳಂತೆ. ಜೊತೆಗೆ ಮೂರು ಪೆಟ್ಟಿಗೆ, ಒಂದು ಓದುವ ದೀಪ, ಕೈಯಿಂದ ತಿರುಗಿಸಿ ಪೆನ್ಸಿಲ್ ಚೂಪು ಮಾಡುವ ಒಂದು ಯಂತ್ರ. ಆ ಯಂತ್ರವನ್ನು ನಮ್ಮ ಊಟದ ಮೇಜಿಗೆ ಸ್ಕ್ರೂ ಹಾಕಿ ಬಿಗಿಸಿದ್ದಾಳೆ. ಎರಡು ತಿಂಗಳಿಗೆಂದು ಬಂದವರು ಯಾರಾದರೂ ಸ್ಕ್ರೂ ಹಾಕುತ್ತಾರೆಯೇ, ನೀನೇ ಹೇಳು.

ಬಂದ ವಾರ ಕಳೆಯುವ ಮೊದಲೇ, "ಸುಮ್ನೆ ಕೂತು ತಿನ್ನೋಕೆ ನನಗಾಗಲ್ಲ ಬೀಗಿತಿ. ಮಧ್ಯಾಹ್ನ ಕೌಂಟರಿನಲ್ಲಿ ನಾನು ಕೂರ್ತೀನಿ, ನೀವು ಸ್ವಲ್ಪ ಅಡ್ಡಾಗಿ," ಅಂದಳು. ನಿನ್ನ ಅಪ್ಪ, ನಾನು ಹೆತ್ತ ಮಗ, ಬಾಯ್ಲರಿನ ಹಬೆಯೊಳಗಿಂದಲೇ "ಬಹಳ ಒಳ್ಳೇದಾಯ್ತು ಅತ್ತೆ" ಅಂದ. ಮುಖ ಕಾಣಿಸಲಿಲ್ಲ. ಕಂಡಿದ್ದರೆ ಒಂದು ಬಿಗಿಯುತ್ತಿದ್ದೆ.

ಆದರೆ ಮೇಲೊಬ್ಬ ಇದ್ದಾನೆ ಕಣೇ. ಅವನು ಇಲ್ಲದಿದ್ದರೂ ಕೌಂಟರಿನ ಯಂತ್ರ ಇದೆ. ನೀನು ಕಲಿಸಿದ ಹಾಗೆ ಆಸ್ಪತ್ರೆಯ ಗಂಟು ಬಂದರೆ ಅದರ ಬಿಲ್ಲೆಯ ನಂಬರು ಒತ್ತಬೇಕು, ಕೌಂಟರಿನ ಯಂತ್ರ ಹಿಂದಿನ ಕೋಣೆಯ ಯಂತ್ರವನ್ನು ಕೇಳಬೇಕು, ಯಾವ ವಾರ್ಡು, ಎಷ್ಟು ಹಾಸು ಎಂದು ಪರದೆಯ ಮೇಲೆ ಬರಬೇಕು. ಗಂಟು ಯಾರ ಕೈಗೆ ಬಂತೋ ಅವರು ತಮ್ಮ ಹೆಸರಿನಲ್ಲೇ ಒಳಗೆ ಹೋಗಿ ಒತ್ತಬೇಕೆಂದು ಆಸ್ಪತ್ರೆಯವರ ಕಟ್ಟಪ್ಪಣೆ. ಅದಕ್ಕೇ ನಿನ್ನ ಅಪ್ಪ ಆಕೆಗೂ ಒಂದು ಹೆಸರು, ಒಂದು ಗುಪ್ತಪದ ಮಾಡಿಕೊಟ್ಟ. ಆಕೆ ಸೆರಗು ಸರಿಮಾಡಿಕೊಂಡು ಕೂತಳು, ಕನ್ನಡಕ ಏರಿಸಿದಳು, ಒತ್ತಿದಳು. ಯಂತ್ರ ಒಲ್ಲೆ ಅಂದಿತು. ಮತ್ತೆ ಒತ್ತಿದಳು. ಒಲ್ಲೆ. ಆಮೇಲೆ ನಾನು ನನ್ನ ಹೆಸರಿನಲ್ಲಿ ಹೋದೆ. ಉತ್ತರ ಕಾಯುತ್ತಿದ್ದ ನಾಯಿಯ ಹಾಗೆ ಓಡಿ ಬಂತು.

ಮೂರನೇ ಕ್ಲಾಸು ಓದಿದವಳಿಗೆ ಬಾಗಿಲು ತೆರೆಯಿತು, ಮೂವತ್ತು ವರ್ಷ ಪಾಠ ಮಾಡಿದವಳಿಗೆ ತೆರೆಯಲಿಲ್ಲ. ಅವತ್ತು ರಾತ್ರಿ ನನಗೆ ಹಾಸಿಗೆಗೆ ಬಿದ್ದದ್ದಷ್ಟೇ ಗೊತ್ತು, ಅಂಥ ನಿದ್ದೆ.

ಇದನ್ನು ಸರಿ ಮಾಡುವುದು ಹೇಗೆಂದು ನಿನ್ನನ್ನು ಕೇಳಲು ನಿನ್ನ ಅಪ್ಪ ಹೇಳಿದ್ದಾನೆ. ಕೇಳಿದ್ದೇನೆ. ಅವಸರವೇನೂ ಇಲ್ಲ.

ಇನ್ನೊಂದು. ಕಣ್ಣಿನ ಡಾಕ್ಟರು ಪೊರೆ ಬಲಿತಿದೆ, ಮಾರ್ಚಿನಲ್ಲಿ ತೆಗೆಯೋಣ, ಆಮೇಲೆ ಒಂದು ತಿಂಗಳು ಓದುವ, ಬರೆಯುವ, ಯಂತ್ರ ನೋಡುವ ಕೆಲಸ ಕೂಡದು ಅಂದ. ನಾನು ಹೋಗುವುದಿಲ್ಲ. ಒಂದು ತಿಂಗಳು ನಾನು ಆ ಕುರ್ಚಿಯಿಂದ ಎದ್ದರೆ ಆಕೆ ಅದಕ್ಕೂ ಸ್ಕ್ರೂ ಹಾಕುತ್ತಾಳೆ.

ತೆಳು ಲಕೋಟೆಯ ಹಕ್ಕುದಾರಳಾದ
ನಿನ್ನ ಅಜ್ಜಿ


ಜನವರಿ ೧೬

ಅಜ್ಜಿ,

ನೆಟ್ಟಗೆ ಕೂತೇ ಓದಿದೆ. ಬಿಸ್ಕತ್ತು ಮಾತ್ರ ಬಾಯಲ್ಲೇ ಇತ್ತು, ನಿನ್ನ ಬೈಗುಳ ನೆಂಚಿಕೊಂಡು ತಿಂದೆ.

ದೋಣಿ ನಾಳೆ ಬೆಳಿಗ್ಗೆ ತಿರುಗುತ್ತದೆ, ಅಷ್ಟರೊಳಗೆ ಬರೆಯಬೇಕು. ಕೌಂಟರಿನ ಯಂತ್ರಕ್ಕೆ ಹಿಂದಿನ ಕೋಣೆಯ ಯಂತ್ರದ ಭಾಷೆ ಬರುವುದಿಲ್ಲ. ನಡುವೆ ಒಬ್ಬ ದುಭಾಷಿ ನಿಂತು ಇದರ ಮಾತನ್ನು ಅದಕ್ಕೆ, ಅದರ ಮಾತನ್ನು ಇದಕ್ಕೆ ಹೇಳುತ್ತಾನೆ. ಅವನನ್ನೇ ಡ್ರೈವರ್ ಅನ್ನುವುದು. ನಮ್ಮ ವ್ಯಾನು ಓಡಿಸುವವನಲ್ಲ, ಪಾಪ, ಅವನನ್ನು ಹಿಡಿದು ಬೈಯಬೇಡ. ನಿನಗೆ ಸಿಗುವ ಉತ್ತರ ಟೀಚರಜ್ಜಿಗೆ ಸಿಗುವುದಿಲ್ಲ ಎಂದರೆ ಹಿಂದಿನ ಯಂತ್ರ ಎದ್ದೇ ಇದೆ, ತಂತಿಯೂ ಸರಿಯಾಗಿದೆ. ದುಭಾಷಿ ಆಕೆಯ ಕಣ್ಣಿಗೆ ಬೀಳುತ್ತಿದ್ದಾನೆಯೇ ಇಲ್ಲವೇ ಎಂದು ನೋಡಬೇಕು. ಇದರ ಬೆನ್ನಿಗೆ ಬರೆದಿರುವ ಆಜ್ಞೆಯನ್ನು ಪರದೆಯ ಕಪ್ಪು ಕಿಟಕಿಯಲ್ಲಿ ಒಮ್ಮೆ ನಿನ್ನ ಹೆಸರಿನಲ್ಲಿ, ಒಮ್ಮೆ ಆಕೆಯ ಹೆಸರಿನಲ್ಲಿ ಒತ್ತು. ಎರಡರಲ್ಲೂ ಡ್ರೈವರಿನ ಹೆಸರು ಬರುತ್ತದೆಯೇ ನೋಡು. ಆಮೇಲೆ ಯಂತ್ರ ಆಕೆಗೆ ಒಲ್ಲೆ ಅನ್ನುವಾಗ ಯಾವ ಅಕ್ಷರಗಳಲ್ಲಿ ಅನ್ನುತ್ತದೋ ಹಾಗೇ ಬರೆದು ಕಳಿಸು. "ಆಗಲಿಲ್ಲ" ಎಂದು ಬರೆದರೆ ನನಗೆ ಏನೂ ತಿಳಿಯುವುದಿಲ್ಲ. ಜಗಳದಲ್ಲಿ ಯಾರು ಏನಂದರು ಎಂದು ನೀನು ಅಕ್ಷರ ಬಿಡದೆ ಒಪ್ಪಿಸುತ್ತೀಯಲ್ಲ, ಹಾಗೆ ಬರಲಿ.

ದಪ್ಪ ಲಕೋಟೆಯಲ್ಲಿ ಏನಿತ್ತು ಎಂದು ಆಕೆಯನ್ನೇ ಕೇಳು.

ನಿನ್ನ ಸಾಲುಗಳು ಬಲಕ್ಕೆ ಹೋಗುತ್ತಾ ಇಳಿದಿವೆ ಅಜ್ಜಿ. ಕೊನೆಯ ಪುಟದಲ್ಲಿ ಒಂದರ ಮೇಲೊಂದು ಹತ್ತಿವೆ. ಮಾರ್ಚಿನ ಯಾವ ದಿನ?

ನಿನ್ನ
ಇರುವೆ


ಫೆಬ್ರವರಿ ೭

ಇರುವೆ,

ನನ್ನ ಸಾಲು ಇಳಿದರೆ ನಿನಗೇನು? ಕಾಗದ ಓರೆಯಾಗಿತ್ತು.

ನೀನು ಹೇಳಿದ್ದೆಲ್ಲ ಮಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂದು ನನ್ನನ್ನು ಯಾರೂ ಆಡಿಕೊಳ್ಳಬಾರದಲ್ಲ. ನನ್ನ ಹೆಸರಿನಲ್ಲಿ ಡ್ರೈವರಿನ ಹೆಸರು ಬಂತು. ಆಕೆಯ ಹೆಸರಿನಲ್ಲೂ ಬಂತು. ದುಭಾಷಿ ಮನೆಯಲ್ಲೇ ಇದ್ದಾನೆ, ಇಬ್ಬರಿಗೂ ಮುಖ ತೋರಿಸುತ್ತಾನೆ, ಆಕೆಗೆ ಮಾತ್ರ ಕೆಲಸ ಮಾಡುವುದಿಲ್ಲ. ಬುದ್ಧಿವಂತ.

ಒಲ್ಲೆ ಅನ್ನುವುದು ಹೀಗೆ: ಐ, ಎಮ್, ಸೊನ್ನೆ, ಸೊನ್ನೆ, ಎರಡು. ಅದರ ಮುಂದಿನ ಉದ್ದ ಸಾಲನ್ನು ಆಕೆ ಓದಿ ಅರ್ಥ ಹೇಳಿದಳು: "ನೀವು ಹೇಳಿದ ಹೆಸರಿನ ಮೂಲ ಎಲ್ಲೂ ಸಿಗಲಿಲ್ಲ, ಯಾವ ಡ್ರೈವರನ್ನು ಕರೀಬೇಕೋ ಗೊತ್ತಾಗ್ತಿಲ್ಲ ಅಂತಿದೆ ಬೀಗಿತಿ." ಅರ್ಥ ಹೇಳುವುದರಲ್ಲಿ ಏನೂ ಕಡಿಮೆಯಿಲ್ಲ.

ನಿನ್ನ ಅಪ್ಪ ನಿನ್ನ ಉತ್ತರಕ್ಕೆ ಕಾಯದೆ ರಿಪೇರಿಯವನನ್ನು ಕರೆಸಿದ. ಮೂಗಿನ ಮೇಲೆ ಟೋಪಿ ಎಳೆದುಕೊಂಡ ಮನುಷ್ಯ. ಅರ್ಧ ದಿನ ಕುಟ್ಟಿ, "ಅಜ್ಜಿ, ಇದನ್ನೆಲ್ಲ ಅಳಿಸಿ ಹೊಸದಾಗಿ ಹಾಕ್ಬೇಕು," ಅಂದ. "ಮೊದಲು ನಿನ್ನ ತಲೆಯೊಳಗಿರೋದು ಅಳಿಸಿ ಹೊಸದಾಗಿ ಹಾಕ್ಕೊಂಡು ಬಾ," ಅಂದೆ. ಕೊನೆಗೆ ಡ್ರೈವರನ್ನು ಕಿತ್ತು ಮತ್ತೆ ಹಾಕಿದ. "ಎಲ್ಲರಿಗೂ ಸೇರಿದ ಜಾಗದಲ್ಲಿ ನೋಡಿದೆ, ಏನೂ ತಪ್ಪಿಲ್ಲ, ಇದು ಈ ಅಮ್ಮನವರ ಬೆರಳಿನ ದೋಷ," ಅಂದುಬಿಟ್ಟ. ಟೀಚರಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು.

ಈಗ ಏನು ಮಾಡುತ್ತಾಳೆ ಗೊತ್ತೇ? ಮಧ್ಯಾಹ್ನ ಗಂಟು ಬಂದರೆ ರಟ್ಟಿನ ಬಿಲ್ಲೆಯ ಮೇಲೆ ಪೆನ್ಸಿಲ್ಲಿನಲ್ಲಿ ನಂಬರು ಬರೆದು ಕಟ್ಟುತ್ತಾಳೆ, ಸಂಜೆ ನಾನು ಅದನ್ನು ನೋಡಿ ಯಂತ್ರಕ್ಕೆ ಒತ್ತುತ್ತೇನೆ. ಆಕೆ ಬರೆಯುವುದು, ನಾನು ಒತ್ತುವುದು. ಯಂತ್ರ ನನ್ನದೇ ಉಳಿಯಿತು. ಆದರೆ ಉಳಿದದ್ದೆಲ್ಲ ಹೋಗುತ್ತಿದೆ ಕಣೇ. ಆಸ್ಪತ್ರೆಯ ಗುಮಾಸ್ತ, ನನ್ನ ಹತ್ತಿರ "ಸಹಿ ಹಾಕಿ" ಎಂಬ ಮಾತು ಬಿಟ್ಟು ಬೇರೆ ಆಡದವನು, ಆಕೆಯ ಎದುರು ಸ್ಟೂಲು ಎಳೆದುಕೊಂಡು ಟೀ ಕುಡಿಯುತ್ತಾನೆ, ನಗುತ್ತಾನೆ. ಅವನಿಗೆ ಹಲ್ಲಿರುವುದೇ ನನಗೆ ಗೊತ್ತಿರಲಿಲ್ಲ. ನಿನ್ನ ಅಮ್ಮ ಇಸ್ತ್ರಿ ಮಾಡುತ್ತಾ ಹಾಡುತ್ತಾಳೆ. ಈ ಮನೆಗೆ ಬಂದ ಇಷ್ಟು ವರ್ಷದಲ್ಲಿ ಅವಳು ಹಾಡಿದ್ದನ್ನು ನಾನು ಕೇಳಿಲ್ಲ. ಚೆನ್ನಾಗಿ ಹಾಡುತ್ತಾಳೆ. ಆಕೆ ತಾಯಿ, ಮಗಳು ಹಾಡಿದರೆ ನನಗ್ಯಾಕೆ ಹೊಟ್ಟೆಯಲ್ಲಿ ಕೆಂಡ ಸುರಿದ ಹಾಗಾಗಬೇಕು? ಆಗುತ್ತದೆ, ಏನು ಮಾಡಲಿ.

ದಪ್ಪ ಲಕೋಟೆಯಲ್ಲಿ ಏನಿತ್ತು ಎಂದು ನಾನ್ಯಾಕೆ ಕೇಳಲಿ? ನನಗೆ ಬೇರೆ ಕೆಲಸ ಇಲ್ಲವೇ?

ಡಾಕ್ಟರು ಮಾರ್ಚಿ ಹದಿನೆಂಟು ಅಂದಿದ್ದಾನೆ. ಅವನು ಅಂದ ಮಾತ್ರಕ್ಕೆ ಆಯಿತೇ?

ಅಜ್ಜಿ


ಫೆಬ್ರವರಿ ೧೬

ಅಜ್ಜಿ,

ಐ, ಎಮ್, ಸೊನ್ನೆ, ಸೊನ್ನೆ, ಎರಡು ಓದಿದ ಕೂಡಲೇ ತಿಳಿಯಿತು. ತಪ್ಪು ಟೀಚರಜ್ಜಿಯ ಬೆರಳಿನದಲ್ಲ, ಡ್ರೈವರಿನದೂ ಅಲ್ಲ. ನನ್ನದು. ಅರ್ಧ ನಿನ್ನದು.

ನಾನು ಹೊರಡುವ ಹಿಂದಿನ ದಿನ ಕೌಂಟರಿನಲ್ಲಿ ಕೂತು ನೀನು ಅಂದದ್ದು ನೆನಪಿದೆಯೇ? "ನಿನ್ನ ಬಿಟ್ರೆ ಈ ಕುರ್ಚಿಯಲ್ಲಿ ನಾನೇ. ಬೇರೆ ಯಾರು ಕೂತ್ರೂ ಇದು ಬಾಯಿ ಬಿಡಬಾರದು, ಹಾಗೆ ಮಾಡಿಕೊಡು." ನಾನು ನಕ್ಕೆ. ನಕ್ಕು, ಹಾಗೆಯೇ ಮಾಡಿಕೊಟ್ಟೆ. ಆಗ ಟೀಚರಜ್ಜಿ ಬರುತ್ತಾರೆಂದು ಯಾರಿಗೆ ಗೊತ್ತಿತ್ತು?

ಡ್ರೈವರ್ ಮನೆಯಲ್ಲಿದ್ದರೆ ಸಾಲದು, ಹಿಂದಿನ ಯಂತ್ರದ ವಿಳಾಸ ಬರೆದ ಒಂದು ಫೈಲು ಅವನ ಕೈಗೆ ಸಿಗಬೇಕು. ಅದನ್ನು ಇಡಲು ಎರಡು ಜಾಗ. ಒಂದು ಎಲ್ಲರಿಗೂ ಸೇರಿದ ಅಂಗಳ, ಇನ್ನೊಂದು ಒಬ್ಬೊಬ್ಬರ ಸ್ವಂತ ಕೋಣೆ. ಯಂತ್ರ ತನ್ನ ಮುಂದೆ ಕೂತವರ ಕೋಣೆಯಲ್ಲಿ ಮೊದಲು ಹುಡುಕುತ್ತದೆ, ಅಲ್ಲಿಲ್ಲದಿದ್ದರೆ ಅಂಗಳಕ್ಕೆ ಬರುತ್ತದೆ. ನಾನು ಆ ಫೈಲನ್ನು ನಿನ್ನ ಕೋಣೆಯಲ್ಲಿ ಮಾತ್ರ ಇಟ್ಟೆ. ಅಂಗಳ ಖಾಲಿ. ರಿಪೇರಿಯವನು ಅಂಗಳದಲ್ಲಿ ಡ್ರೈವರನ್ನಷ್ಟೇ ನೋಡಿ ಹೋದ, ವಿಳಾಸ ಇದೆಯೇ ಎಂದು ನೋಡಲಿಲ್ಲ. ನಿನ್ನ ಕೋಣೆಗೆ ಹೋಗಿದ್ದರೂ ಅವನಿಗೆ ಕಾಣುತ್ತಿರಲಿಲ್ಲ. ಅದರ ಹೆಸರಿನ ಮೊದಲಿಗೆ ಒಂದು ಚುಕ್ಕೆ ಇದೆ. ಚುಕ್ಕೆಯಿಂದ ಶುರುವಾಗುವುದನ್ನು ಯಂತ್ರ ಸುಮ್ಮನೆ ಕೇಳಿದರೆ ತೋರಿಸುವುದಿಲ್ಲ. ಎಲ್, ಎಸ್, ಆಮೇಲೆ ಜಾಗ ಬಿಟ್ಟು ಅಡ್ಡಗೆರೆ, ಎ ಎಂದು ಒತ್ತು. ಬಚ್ಚಿಟ್ಟದ್ದೂ ಸೇರಿ ಎಲ್ಲ ಕಾಣುತ್ತದೆ.

ಅದರ ಒಂದು ಪ್ರತಿಯನ್ನು ಅಂಗಳಕ್ಕೆ ಹಾಕಿದರೆ ಸಾಕು, ಟೀಚರಜ್ಜಿಗೂ ಬಾಗಿಲು ತೆರೆಯುತ್ತದೆ. ಆಜ್ಞೆ ಇದರ ಬೆನ್ನಿಗೆ ಬರೆದಿದ್ದೇನೆ. ಅಂಗಳಕ್ಕೆ ಹಾಕಲು ಅಪ್ಪನ ಗುಪ್ತಪದ ಬೇಕು.

ಇದನ್ನು ಅಪ್ಪನಿಗೆ ಬರೆದಿಲ್ಲ, ಟೀಚರಜ್ಜಿಗೂ ಬರೆದಿಲ್ಲ. ನಿನಗೊಬ್ಬಳಿಗೇ ಹೇಳಿದ್ದೇನೆ. ಈ ಸಲ ಆಕೆಗೆ ಲಕೋಟೆಯೇ ಇಲ್ಲ, ತೂಗಿ ನೋಡು.

ಮಾರ್ಚಿ ಹದಿನೆಂಟು ಎಂದೆಯಲ್ಲ. ನನಗೆ ನಿನ್ನ ಕಣ್ಣು ಬೇಕು ಅಜ್ಜಿ.

ದೋಣಿ ಕೂಗುತ್ತಿದೆ. ಇನ್ನೂ ಏನೋ ಹೇಳಬೇಕಿತ್ತು, ಮರೆತುಹೋಯಿತು.

ಇರುವೆ


ಮಾರ್ಚಿ ೪

ಇರುವೆ ಅಲ್ಲ ನೀನು, ಚೇಳು.

ಬುಟ್ಟಿಯಲ್ಲಿ ಹಾವು ಇಟ್ಟು, ಮುಚ್ಚಳ ನಿನ್ನ ಕೈಯಲ್ಲೇ ಇದೆ ಅಜ್ಜಿ ಅನ್ನುತ್ತೀಯಲ್ಲ. ನಿನ್ನ ಅಪ್ಪನಿಗೆ ಬರೆದಿದ್ದರೆ ಅವನು ಮಾಡಿ ಮುಗಿಸುತ್ತಿದ್ದ, ನಾನು ಎರಡು ದಿನ ಮುಖ ಊದಿಸಿಕೊಂಡಿದ್ದು ಸುಮ್ಮನಾಗುತ್ತಿದ್ದೆ. ಈಗ ದಿನಾ ಆ ಯಂತ್ರದ ಮುಂದೆ ಕೂತಾಗ ನನ್ನ ಕೋಣೆಯ ಫೈಲು ನನ್ನನ್ನೇ ನೋಡುತ್ತದೆ. ನೀನು ಹೇಳಿದ ಹಾಗೆ ಅಡ್ಡಗೆರೆ, ಎ ಒತ್ತಿದೆ. ಮೇಲುಗಡೆಯೇ ಇದೆ, ಮೊದಲಿಗೆ ಚುಕ್ಕೆ, ಸಾಸಿವೆಯಷ್ಟು. ಸಾಸಿವೆಯಷ್ಟು ಚುಕ್ಕೆಯ ಹಿಂದೆ ಇಷ್ಟೆಲ್ಲ ಅಡಗಿಸಬಹುದು ಎಂದು ಗೊತ್ತಿದ್ದರೆ ನಾನು ಎಷ್ಟೋ ವಿಷಯಕ್ಕೆ ಚುಕ್ಕೆ ಇಡುತ್ತಿದ್ದೆ.

ಹತ್ತು ದಿನದಿಂದ ನೋಡುತ್ತಿದ್ದೇನೆ. ಏನೂ ಮಾಡಿಲ್ಲ. ಮಾಡುವುದೂ ಇಲ್ಲ. ಕಣ್ಣಿಗೂ ಹೋಗುವುದಿಲ್ಲ. ನನ್ನ ಕಣ್ಣು ನಿನಗ್ಯಾಕೆ ಬೇಕು, ನಿನ್ನ ಬಂಡೆಗೆ ದೀಪ ಹಚ್ಚಲಿಕ್ಕೇ?

ಮಾರ್ಚಿ ೯

ಮೇಲಿನದನ್ನು ಹರಿಯಬೇಕೆಂದಿದ್ದೆ. ಕಾಗದ ದಂಡ ಆಗಬಾರದೆಂದು ಅದರ ಕೆಳಗೇ ಬರೆಯುತ್ತಿದ್ದೇನೆ.

ಮೊನ್ನೆ ಒಂದು ಆಯಿತು. ಮಕ್ಕಳ ವಾರ್ಡಿನ ಚಿಕ್ಕ ಹಾಸುಗಳ ಗಂಟು ಆಪರೇಷನ್ ಕೋಣೆಗೆ ಹೋಯಿತು, ಅಲ್ಲಿಯ ಹಸಿರು ಬಟ್ಟೆ ಮಕ್ಕಳ ವಾರ್ಡಿಗೆ ಹೋಯಿತು. ಗುಮಾಸ್ತ ಬೆಳಗಿನ ಹೊತ್ತು ಹಲ್ಲು ತೋರಿಸದೆ ಬಂದ. "ಡಾಕ್ಟರು ಕೈ ತೊಳ್ಕೊಂಡು ನಿಂತಿದಾರೆ, ಗಂಟು ಬಿಚ್ಚಿದ್ರೆ ಬಾತುಕೋಳಿ ಚಿತ್ರದ ಹಾಸು! ಇನ್ನೊಂದ್ಸಲ ಹೀಗಾದ್ರೆ ಬೇರೆ ಲಾಂಡ್ರಿ ನೋಡ್ಕೋತೀವಿ," ಅಂದ. ಆಕೆಯ ಬಿಲ್ಲೆಯಲ್ಲಿ ಮೂರು ಇತ್ತು, ನಾನು ಎಂಟು ಒತ್ತಿದ್ದೆ. ನನ್ನ ಕಣ್ಣಿಗೆ ಎಂಟೇ ಕಂಡಿತ್ತು.

ನಿನ್ನ ಅಪ್ಪ ನನ್ನ ಕಡೆ ತಿರುಗಲಿಲ್ಲ. ಬಿಲ್ಲೆ ಬರೆದವರು ಯಾರೋ ಅವರ ಕಡೆ ತಿರುಗಿದ. "ಅತ್ತೆ, ನಂಬರು ಸ್ವಲ್ಪ ಬಿಡಿಸಿ ಬರೀಬಾರ್ದಾ?" ಅಂದ. ಆಕೆ ಬಿಲ್ಲೆಯನ್ನು ಕೈಯಲ್ಲಿ ಹಿಡಿದಿದ್ದಳು. ನೋಡಿದಳು. ನನ್ನನ್ನೂ ಒಂದು ಸಲ ನೋಡಿದಳು. "ಹೌದಪ್ಪ, ನನ್ನ ಮೂರು ಎಂಟಿನ ಹಾಗೇ ಕಾಣತ್ತೆ. ತಪ್ಪಾಯ್ತು," ಅಂದು ಬಿಲ್ಲೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಮೂವತ್ತು ವರ್ಷ ಕರಿಹಲಗೆಯ ಮೇಲೆ ಮೂರು ಬರೆದವಳು! ಆಕೆಯ ಮೂರನ್ನು ಕುರುಡನ ಕೈಗೆ ಕೊಟ್ಟರೂ ಸವರಿ ಮೂರು ಅನ್ನುತ್ತಾನೆ!

ನನ್ನ ಹೊಟ್ಟೆಯಲ್ಲಿ ಬಾಯ್ಲರು ಹೊತ್ತಿಕೊಂಡಿತು. ಗುಮಾಸ್ತನ ನಗು ತೆಗೆದುಕೊಂಡಳು, ಸೊಸೆಯ ಹಾಡು ತೆಗೆದುಕೊಂಡಳು, ದಪ್ಪ ಲಕೋಟೆ ತೆಗೆದುಕೊಂಡಳು. ಈಗ ಒಳ್ಳೆಯತನದಲ್ಲೂ ಈಕೆಯೇ ಮುಂದೆ ಬರಬೇಕೇ? ನನ್ನ ತಪ್ಪನ್ನು ಸೆರಗಿಗೆ ಕಟ್ಟಿಕೊಂಡು ಓಡಾಡಲು ಈಕೆ ಯಾರು? ಅದೊಂದನ್ನು ಮಾತ್ರ ಬಿಟ್ಟುಕೊಡಲಾರೆ ಅನ್ನಿಸಿತು.

ಸಂಜೆ ಅಂಗಡಿ ಮುಚ್ಚುವಾಗ ನಿನ್ನ ಅಪ್ಪನ ಹತ್ತಿರ ಹೋಗಿ, "ಆ ಎಂಟು ಒತ್ತಿದ್ದು ನಾನು, ನಿಮ್ಮತ್ತೆಯ ಮೂರು ಮೂರೇ," ಅಂದೆ. ಅವನು ಬಾಯಿ ತೆರೆಯುವ ಮೊದಲೇ, "ನಿನ್ನ ಗುಪ್ತಪದ ಕೊಡು," ಅಂದೆ.

"ಯಾಕಮ್ಮ?"

"ಹೆತ್ತವಳನ್ನ ಯಾಕೆ ಅಂತ ಕೇಳ್ತೀಯಾ? ನಾನು ನಿನ್ನ ಹೆರುವಾಗ ಯಾಕೆ ಅಂತ ಕೇಳಿದ್ನಾ?"

ಕೊಟ್ಟ. ನಿನ್ನ ಕಾಗದದ ಬೆನ್ನು ನೋಡಿ ಒಂದೊಂದೇ ಅಕ್ಷರ ಒತ್ತಿ ಫೈಲಿನ ಪ್ರತಿಯನ್ನು ಅಂಗಳಕ್ಕೆ ಹಾಕಿದೆ. ಬೆಳಿಗ್ಗೆ ಆಕೆಯನ್ನು ಕರೆದೆ. "ಬನ್ನಿ, ಕೂತ್ಕೊಳ್ಳಿ. ಈಗ ಬರತ್ತೆ."

ಆಕೆ ಕೂತಳು. ಒತ್ತಿದಳು. ಐ, ಎಮ್, ಸೊನ್ನೆ, ಸೊನ್ನೆ, ಎರಡು.

ಆಗ ನನಗೆ ಏನನ್ನಿಸಿತು ಹೇಳಲೇ? ಖುಷಿ. ನಾನು ಕೊಡುವಷ್ಟು ಕೊಟ್ಟೆ, ಯಂತ್ರವೇ ಒಪ್ಪಲಿಲ್ಲ, ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆಕೆ "ಬಿಡಿ ಬೀಗಿತಿ, ಅದಕ್ಕೆ ನಾನು ಬೇಡ" ಅಂದು ಪೆನ್ಸಿಲ್ ಎತ್ತಿಕೊಂಡಳು. ಮೊಂಡಾಗಿತ್ತು. ಅದನ್ನು ಚೂಪು ಮಾಡಲು ಊಟದ ಮನೆಗೆ ಹೊರಟಳು. ಆ ಯಂತ್ರದ ಕರಕರ ಸದ್ದು ದಿನಾ ಕೇಳಿ ಕೇಳಿ ನನಗೆ ಸಾಕಾಗಿದೆ. "ನಿಲ್ಲಿ! ಇನ್ನು ಆ ಪೆನ್ಸಿಲ್ ಕೆತ್ತಿದ್ರೆ ನೋಡಿ. ಕೂತ್ಕೊಳ್ಳಿ ಇಲ್ಲಿ, ನೋಡೋಣ," ಅಂದೆ.

ಅಂಗಳದ ಫೈಲುಗಳನ್ನು ಎಡಗಡೆಯ ಗುರುತುಗಳ ಸಮೇತ ತೋರಿಸು ಎಂದು ಯಂತ್ರಕ್ಕೆ ಹೇಳಿದೆ. ನನಗೆ ಸಾಲುಗಳು ಕಲಸಿಕೊಂಡವು. ಆಕೆ ಬೆರಳಿಟ್ಟು ಓದಿದಳು. "ಬೀಗಿತಿ, ಉಳಿದ ಫೈಲುಗಳಿಗೆಲ್ಲ ಮೂರು ಕಡೆ ಆರ್ ಅಕ್ಷರ ಇದೆ. ನಿಮ್ಮದಕ್ಕೆ ಮೊದಲನೇದು ಒಂದೇ, ಉಳಿದದ್ದು ಬರೀ ಗೆರೆ."

ನನಗೆ ಥಟ್ಟನೆ ನೆನಪಾಯಿತು. ನೀನೇ ಹೇಳಿದ್ದೆಯಲ್ಲ, ಮೊದಲನೆಯದು ಒಡೆಯರಿಗೆ, ನಡುವಿನದು ಒಡೆಯರ ಗುಂಪಿಗೆ, ಕೊನೆಯದು ಊರಿಗೆಲ್ಲ, ಆರ್ ಇದ್ದವರು ಓದಬಹುದು ಎಂದು. ನನ್ನ ಕೋಣೆಯಲ್ಲಿ ಆ ಫೈಲಿಗೆ ನಾನೊಬ್ಬಳೇ ಓದುವ ಹಾಗೆ ಬೀಗ ಹಾಕಿಟ್ಟಿದ್ದೀಯ. ಪ್ರತಿ ಮಾಡಿದಾಗ ಬೀಗವೂ ಜೊತೆಗೇ ಬಂದಿದೆ. ಫೈಲು ಅಂಗಳದಲ್ಲಿ ಬಿದ್ದಿದೆ, ಬೇರೆಯವರು ಮುಟ್ಟುವ ಹಾಗಿಲ್ಲ. ನೀನು ಹೇಳಲು ಮರೆತದ್ದು ಇದೇ, ಅಲ್ಲವೇ? ಅವಸರಗೇಡಿ. ನೋಡು, ನನ್ನ ಹೊಟ್ಟೆಕಿಚ್ಚು ಎಷ್ಟು ಗಟ್ಟಿ, ಕೊಟ್ಟ ವಸ್ತುವಿನ ಬೆನ್ನು ಹತ್ತಿಯೂ ಹೋಗುತ್ತದೆ.

ಎಲ್ಲರಿಗೂ ಓದಲು ಬಿಡು ಎಂಬ ಆಜ್ಞೆ ನನಗೆ ಬಾಯಿಪಾಠ. ನಾನು ಹೇಳಿದೆ, ಆಕೆ ಪರದೆ ನೋಡಿ ಅಕ್ಷರ ಸರಿಯಿದೆಯೇ ಅಂದಳು, ನಾನು ಒತ್ತಿದೆ. ಆಮೇಲೆ ಆಕೆ ತನ್ನ ಹೆಸರಿನಲ್ಲಿ ಕೂತು ಬಿಲ್ಲೆಯ ನಂಬರು ಹಾಕಿದಳು. "ಬಂತು! ಬೀಗಿತಿ, ಬಂತು ನೋಡಿ! ಹೆರಿಗೆ ವಾರ್ಡು, ಇಪ್ಪತ್ತೆರಡು ಹಾಸು!" ಎಂದು ಕುರ್ಚಿಯಲ್ಲೇ ಕುಪ್ಪಳಿಸಿದಳು. ಕುರ್ಚಿ ಮುರಿಯದಿದ್ದುದು ನನ್ನ ಪುಣ್ಯ.

ಆಗಲೇ ಕೇಳಿಬಿಟ್ಟೆ. "ನನ್ನ ಮೊಮ್ಮಗಳು ನಿಮಗೆ ಅಷ್ಟು ದಪ್ಪ ಕಾಗದದಲ್ಲಿ ಏನು ಬರೆದಿದ್ಲು?"

ಆಕೆ ಒಳಗೆ ಹೋಗಿ ಲಕೋಟೆ ತಂದು ಬಿಚ್ಚಿಟ್ಟಳು. ಇಲ್ಲಿಗೆ ಬರುವ ಮೊದಲೇ, ಕೌಂಟರಿನ ಯಂತ್ರ ನಡೆಸುವುದು ಹೇಗೆಂದು ನಿನ್ನನ್ನು ಕೇಳಿ ಬರೆದಿದ್ದಳಂತೆ. ಹಾಳೆ ಹಾಳೆ ತುಂಬ ಯಂತ್ರ. ಇದನ್ನು ಒತ್ತಿ, ಅದನ್ನು ಮುಚ್ಚಿ, ದಯವಿಟ್ಟು ಮೊದಲು ಉಳಿಸಿ. ಕೊನೆಯಲ್ಲಿ ಒಂದು ಸಾಲು, ನೀವು ಕ್ಷೇಮವೆಂದು ನಂಬಿದ್ದೇನೆ ಎಂದು.

"ನಿಮ್ಮದನ್ನ ನೀವು ಓದಿ ನಗ್ತಾ ಇದ್ರಿ, ನಾನು ಬಾಗಿಲ ಹತ್ರ ನಿಂತು ಕೇಳಿಸ್ಕೊಂಡೆ," ಅಂದಳು. "ನಿಮಗೆ ಅವಳು 'ನೀನು' ಅಂತಾಳೆ ಬೀಗಿತಿ. ನನಗೆ ಹುಟ್ಟಿದಾಗಿಂದ 'ನೀವು'. ನನಗೂ ಹೊಟ್ಟೆ ಉರಿಯಲ್ವಾ?"

ಇಷ್ಟು ದಿನ ಇಬ್ಬರೂ ಒಂದೇ ಸೂರಿನಡಿ ಉರಿದಿದ್ದೇವೆ. ಆ ಶಾಖದಲ್ಲಿ ನಿನ್ನ ಅಪ್ಪ ಎರಡು ತಿಂಗಳು ಬಾಯ್ಲರು ನಡೆಸಬಹುದಿತ್ತು.

ಹದಿನೆಂಟಕ್ಕೆ ಹೋಗುತ್ತೇನೆ. ನನ್ನ ಕೋಣೆಯ ಫೈಲನ್ನು ಮಾತ್ರ ಅಳಿಸಿಲ್ಲ. ನಾನು ಕೂತಾಗ ಯಂತ್ರ ಮೊದಲು ನನ್ನ ಕೋಣೆಗೇ ಬರಲಿ.

ಅಜ್ಜಿ


ಏಪ್ರಿಲ್ ೮

ಇರುವೆ,

ಅಕ್ಷರ ನೋಡಿ ಬೆಚ್ಚಬೇಡ. ಕೈ ಟೀಚರಮ್ಮನದು, ಬಾಯಿ ನನ್ನದು. ಪೊರೆ ತೆಗೆದರು. ಕನ್ನಡಕ ಬರುವುದು ಮುಂದಿನ ತಿಂಗಳು, ಅಲ್ಲಿಯವರೆಗೆ ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ. ಬೈಯಬೇಡ ಎಂದು ಡಾಕ್ಟರು ಹೇಳಿಲ್ಲ.

ಮಾರ್ಚಿಯ ದೋಣಿ ಗಾಳಿಗೆ ನಿನ್ನ ಬಂಡೆ ಮುಟ್ಟಲಾರದೆ ತಿರುಗಿ ಬಂತು. ನಾನು ನಿನಗೆ ಬರೆದ ಕಾಗದ ನನ್ನ ಮನೆ ಬಾಗಿಲಿಗೇ ಬಂದು ಬಿತ್ತು. ನಿನ್ನಿಂದ ಒಂದು ಚೀಟಿಯೂ ಇಲ್ಲ. ನನಗೂ ಇಲ್ಲ, ಈಕೆಗೂ ಇಲ್ಲ. ಅದೊಂದು ಸಮಾಧಾನ ಎಂದುಕೊಂಡೆ. ಆಮೇಲೆ ನೋಡಿದರೆ ಅದೂ ಸಮಾಧಾನವಾಗಲಿಲ್ಲ. ತಿರುಗಿ ಬಂದದ್ದನ್ನೂ ಇದರೊಳಗೆ ಮಡಚಿ ಇಟ್ಟಿದ್ದೇವೆ. ಈ ಲಕೋಟೆಯನ್ನು ತೂಗಿ ನೋಡು, ದಪ್ಪ ಅಂದರೆ ಏನೆಂದು ತಿಳಿಯುತ್ತದೆ.

ಕೌಂಟರಿನಲ್ಲಿ ಈಗ ಈಕೆಯೇ. ಪಕ್ಕದ ಕೋಣೆಯಲ್ಲಿ ಮಲಗಿ ಕೀಲಿಗಳ ಸದ್ದು ಕೇಳುತ್ತಿರುತ್ತೇನೆ. ನನಗಿಂತ ನಿಧಾನ. ಬಸವನಹುಳು ಹಾಸಿಗೆ ಮಡಚಿದ ಹಾಗೆ.

(ಇದನ್ನು ಬರೆಯುವುದಿಲ್ಲ ಅಂದೆ. ಬರೆಯಲೇಬೇಕು ಅಂದರು. ನಾನು ಒಂದು ಗಂಟನ್ನೂ ತಪ್ಪಾದ ವಾರ್ಡಿಗೆ ಕಳಿಸಿಲ್ಲ ಎಂದು ನನ್ನ ಕಡೆಯಿಂದ ಸೇರಿಸುತ್ತೇನೆ. — ಟೀಚರಜ್ಜಿ)

ಏನೋ ಸೇರಿಸಿದಳು, ಪೆನ್ಸಿಲ್ಲಿನ ಸದ್ದು ಉದ್ದವಾಯಿತು. ಇರಲಿ. ಈಕೆಯ ಮನೆಯ ಮೆಟ್ಟಿಲು ಮುಗಿದಿದೆಯಂತೆ. ಹೋಗುತ್ತೇನೆ ಅಂದಳು. "ನನ್ನ ಕನ್ನಡಕ ಬರೋವರೆಗೆ ಗಂಟು ನೋಡೋರ್ಯಾರು, ನಿಮ್ಮ ಮೆಟ್ಟಿಲು ಬಂದು ನೋಡತ್ತಾ?" ಅಂದೆ. ಸ್ಕ್ರೂ ಬಿಚ್ಚಿಲ್ಲ.

ದಿನಾ ಬೆಳಿಗ್ಗೆ ರೇಡಿಯೋದಲ್ಲಿ ನಿನ್ನ ಬಂಡೆಯ ಗಾಳಿಯ ವೇಗ ಹೇಳುತ್ತಾರೆ. ಕೆಲಸ ನಿಲ್ಲಿಸಿ ಎಲ್ಲರೂ ಕೇಳುತ್ತೇವೆ, ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಹಿಡಿದು ನಿನ್ನ ಅಮ್ಮನೂ. ಅಂಕಿ ಬಂತೆಂದರೆ ಅವಳು ಕ್ಷೇಮ, ಅಷ್ಟು ಸಾಲದೇ ಅನ್ನುತ್ತಾನೆ ನಿನ್ನ ಅಪ್ಪ. ಸಾಲದು. ಕಂಡು ಕೇಳರಿಯದ ಮೀನುಗಾರರಿಗೆಲ್ಲ ದಿನಾ ನಿನ್ನ ಸುದ್ದಿ, ಎತ್ತಿ ಆಡಿಸಿದವಳಿಗೆ ಎರಡು ತಿಂಗಳಿಂದ ಏನೂ ಇಲ್ಲ. ಆ ರೇಡಿಯೋ ಕಂಡರೆ ನನಗೆ ಆಗುವುದಿಲ್ಲ. ಈಕೆಗೂ ಆಗುವುದಿಲ್ಲವಂತೆ. ಈಗಷ್ಟೇ ತಲೆ ಆಡಿಸಿದಳು.

ಮೀನುಗಾರರಿಗಿಂತ ಒಂದು ಹಾಳೆಯಾದರೂ ಹೆಚ್ಚು ಬರೆ. ಈಕೆಗೂ ಬರೆ, 'ನೀನು' ಎಂದೇ ಬರೆ, ನನ್ನ ಅಪ್ಪಣೆ. ನನ್ನದು ಮಾತ್ರ ಒಂದು ಹಾಳೆ ದಪ್ಪ ಇರಲಿ. ಕನ್ನಡಕ ಬಂದ ಮೇಲೆ ಅಜ್ಜಿಯೇ ಓದಿಕೊಳ್ಳುತ್ತಾಳೆ ಎಂದು ತಡ ಮಾಡಬೇಡ. ಬಂದದ್ದನ್ನು ಬಂದ ಕೂಡಲೇ ಈಕೆ ಓದಿ ಹೇಳಲಿ, ನಾನು ಕಣ್ಣು ಮುಚ್ಚಿಕೊಂಡು ಕೇಳುತ್ತೇನೆ. ಈ ದೋಣಿ ಅಲ್ಲಿಂದ ಬರಿಗೈಯಲ್ಲಿ ತಿರುಗಕೂಡದು. ಮುಂದಿನ ತಿಂಗಳು ಹುಟ್ಟುವ ಮೊದಲು ನಿನ್ನ ಉತ್ತರ ಈ ಮನೆಯಲ್ಲಿ ಇರಬೇಕು.

ಅಜ್ಜಿ
(ಅಜ್ಜಿಯರು ಎಂದು ತಿದ್ದಬಹುದೇ ಎಂದು ಕೇಳಿದೆ. ಸುಮ್ಮನಿದ್ದರು.)